ಮೈಕಿನಲ್ಲಿ ಕೇಳಿದ ಕೆಥೆಡ್ರಲ್

ನಮ್ಮ ಡ್ರೈವರು ಇಪ್ಪತ್ತನಾಲ್ಕು ವರ್ಷ ಪ್ರವಾಸಿಗರನ್ನು ಒಂದೇ ಊರಿಗೆ, ಒಂದೇ ಕೆಥೆಡ್ರಲ್ಲಿಗೆ ಕರೆದುಕೊಂಡು ಹೋದವನು. ಬಸ್ಸು ನಾಲ್ಕು ಬದಲಾದವು, ದಾರಿ ಬದಲಾಗಲಿಲ್ಲ. ಇಷ್ಟಾಗಿಯೂ ಆ ಕೆಥೆಡ್ರಲ್ಲಿನ ಹೊಸಿಲನ್ನು ಅವನು ಒಂದು ಸಲವೂ ದಾಟಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ನಂಬಲೇಬೇಕು, ಪ್ರವಾಸಿ ಬಸ್ಸಿನ ಕೆಲಸವೇ ಹಾಗೆ. ಹಳೇ ಊರಿನ ಅಂಚಿನ ಚೌಕದ ಪಕ್ಕ ಮೂರು ನಿಮಿಷ ನಿಲ್ಲಿಸಬಹುದು, ನಾಲ್ಕನೆಯ ನಿಮಿಷಕ್ಕೆ ಪೊಲೀಸಿನವನು ಸೀಟಿ ಊದುತ್ತಾನೆ. ಜನರನ್ನು ಇಳಿಸಿ ಹಳೇ ಕೋಟೆಗೋಡೆಯ ಆಚೆ, ನದಿ ಪಕ್ಕದ ನಿಲುಗಡೆಗೆ ಹೋಗಿ ನಿಲ್ಲಬೇಕು. ಒಳಗೆ ನಲವತ್ತೆಂಟು ಜನರ ಚೀಲ, ಕೋಟು, ಕೊಡೆ, ಮಾತ್ರೆ ಡಬ್ಬಿಗಳು ಇರುತ್ತವೆ, ಬಸ್ಸು ಬಿಟ್ಟು ಕದಲುವ ಹಾಗಿಲ್ಲ. ಎರಡು ಗಂಟೆ ಕಳೆದು, ಹೇಳಿದ ನಿಮಿಷಕ್ಕೆ ಸರಿಯಾಗಿ ಮತ್ತೆ ಅದೇ ಜಾಗದಲ್ಲಿ ಬಾಗಿಲು ತೆರೆಯಬೇಕು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕ ಆ ಚೌಕದಲ್ಲಿ ಅವನಿಗಾಗಿ ಕಾದು ನಿಂತದ್ದಿಲ್ಲ. ಅಂಥ ಕರಾರುವಾಕ್ಕು ಮನುಷ್ಯ.

ಅದೆಲ್ಲ ಸರಿಯೇ. ಆದರೆ ಅವನು ಒಳಗೇ ಹೋಗಿಲ್ಲ ಅನ್ನುವ ಸಂಗತಿ ಅವನ ಹೆಂಡತಿಗೆ ಗೊತ್ತಿರಲಿಲ್ಲವಲ್ಲ, ಪೀಕಲಾಟ ಇದ್ದದ್ದು ಅಲ್ಲಿ.

ಸುಳ್ಳು ದೊಡ್ಡದಾಗಿ ಶುರುವಾದದ್ದೇನಲ್ಲ. ಮೊದಲ ವರ್ಷ ಅವನು ಮನೆಗೆ ಬಂದಾಗ ಅವಳು, "ಆ ದೊಡ್ಡ ಚರ್ಚು ಒಳಗೆ ಹೇಗಿದೆ ರೀ?" ಎಂದು ಕೇಳಿದಳು. ನಾನು ಹೊರಗೆ ಬಸ್ಸು ಕಾಯುತ್ತಾ ಕೂತಿದ್ದೆ ಅನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. ಮದುವೆಯಾಗಿ ಆಗಿನ್ನೂ ಎರಡು ವರ್ಷ. ಊರಿನವರೆಲ್ಲ ಒಳಗೆ ಹೋಗುವ ಜಾಗಕ್ಕೆ ತನ್ನ ಗಂಡ ಮಾತ್ರ ಹೋಗಲಿಲ್ಲ ಎಂದು ಅವಳಿಗೆ ಅನ್ನಿಸುವುದು ಬೇಡವಾಗಿತ್ತು. ಗೈಡಮ್ಮ ಬಸ್ಸಿನ ಮೈಕಿನಲ್ಲಿ ಹೇಳಿದ್ದನ್ನು ನೆನಪು ಮಾಡಿಕೊಂಡು ನಾಲ್ಕು ಮಾತು ಹೇಳಿಬಿಟ್ಟ. ಅವಳು ಕಣ್ಣರಳಿಸಿ ಕೇಳಿದಳು. ಅಷ್ಟು ಸಾಕಲ್ಲ, ಇವನಿಗೆ ಕೊಂಬು ಬಂತು. ಮುಂದಿನ ವಾರ ಎಂಟು ಮಾತು ಹೇಳಿದ.

ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ದಿನವಿಡೀ ನಿಂತು ದುಡಿಯುವವಳು. ಒಂಬತ್ತು ವರ್ಷದ ಹಿಂದೆ ಬೆನ್ನು ಕೈಕೊಟ್ಟು, ಆಪರೇಷನ್ ಆಗಿ, ಮೂರು ತಿಂಗಳು ಅಂಗಾತ ಮಲಗಿದ್ದಳು. ಮಗ್ಗುಲಾಗುವ ಹಾಗಿಲ್ಲ, ಏಳುವ ಹಾಗಿಲ್ಲ, ಕಣ್ಣಿಗೆ ಕಾಣುತ್ತಿದ್ದದ್ದು ಬೋಳು ಚಾವಣಿ ಒಂದೇ. ಪ್ರತಿ ಸಂಜೆ ಅವನು ಹಾಸಿಗೆ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಆ ಚಾವಣಿಯ ಮೇಲೆ ಇಡೀ ಕೆಥೆಡ್ರಲ್ಲನ್ನು ಕಟ್ಟಿಕೊಟ್ಟ. ಬಾಗಿಲಿನಿಂದ ಹೊರಟು ಒಂದೊಂದೇ ಕಂಬ, ಒಂದೊಂದೇ ಕಿಟಕಿ. "ನೋಡು, ಕಂಬ ಮೇಲೆ ಮೇಲೆ ಹೋಗಿ, ಅಲ್ಲಿ ಕೊಡೆ ಬಿಚ್ಚಿದ ಹಾಗೆ ಕಲ್ಲಿನ ಕಡ್ಡಿಗಳು ಹರಡಿಕೊಳ್ತವೆ," ಅನ್ನುತ್ತಿದ್ದ. ಅವಳು, "ಹ್ಞೂ, ಕಂಡಿತು, ಮುಂದೆ?" ಅನ್ನುತ್ತಿದ್ದಳು. ಎದ್ದು ಓಡಾಡುವಂತಾದ ಮೇಲೆ ಲಾಂಡ್ರಿಯಲ್ಲಿ, ನೀರಿನ ಸಾಲಿನಲ್ಲಿ, ಸಿಕ್ಕಸಿಕ್ಕವರ ಹತ್ತಿರ ಅವಳು ಹೇಳಿಕೊಂಡದ್ದು ಒಂದೇ ಮಾತು: ನಮ್ಮವರಿಗೆ ಆ ದೊಡ್ಡ ಚರ್ಚಿನ ಒಂದೊಂದು ಕಲ್ಲೂ ಗೊತ್ತು.

ಈಗ ಅವನು ನಿವೃತ್ತನಾದ. ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟರು (ಜೀವಮಾನವಿಡೀ ಗಡಿಯಾರ ನೋಡಿಕೊಂಡೇ ಬದುಕಿದವನಿಗೆ ಗಡಿಯಾರ ಕೊಡುವ ಬುದ್ಧಿ ಯಾರದೋ!). ಜೊತೆಗೆ ಅದೇ ಪ್ರವಾಸದ ನಾಲ್ಕು ಸೀಟು. ಹೆಂಡತಿ ಕುಣಿದಾಡಿಬಿಟ್ಟಳು. ಉಳಿದೆರಡು ಸೀಟಿಗೆ ತನ್ನ ತಂಗಿಯನ್ನೂ ತಂಗಿಯ ಗಂಡನನ್ನೂ ಕರೆದಳು. ಈ ಷಡ್ಡಕ ಮಹಾಶಯನಿಗೆ ಕನ್ನಡಕದ ಅಂಗಡಿ. ಬೇರೆಯವರ ಕಣ್ಣಿಗಿಂತ ತನ್ನ ಕಣ್ಣಿಗೆ ಎಲ್ಲವೂ ಎರಡು ಪಟ್ಟು ಚೆನ್ನಾಗಿ ಕಾಣುತ್ತದೆ ಎಂದು ನಂಬಿದ ಮನುಷ್ಯ. ಡ್ರೈವರಿಗೆ ಆ ವಾರವಿಡೀ ಊಟ ರುಚಿಸಲಿಲ್ಲ. ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದ, ಮೂರು ಸಲವೂ ಅವಳು ಹೊಸ ಕೋಟಿನ ಗುಂಡಿ ಹೊಲಿಯುತ್ತಾ, "ನೀಲಿ ಕಿಟಕಿ ಮೊದಲು ತೋರಿಸ್ತೀರೋ, ಕಂಬದ ಮೇಲಿನ ಹಲ್ಲುನೋವಿನ ಕಲ್ಕುಟಿಗನ್ನ ಮೊದಲು ತೋರಿಸ್ತೀರೋ?" ಎಂದು ಕೇಳಿದಳು. ಮಾತು ನುಂಗಿಕೊಂಡ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದಾಗ ಸ್ಟೇರಿಂಗ್ ಹಿಂದೆ ಅವನೇ ಆರು ತಿಂಗಳು ಪಳಗಿಸಿದ ಹೊಸ ಡ್ರೈವರಮ್ಮ ಕೂತಿದ್ದಳು. "ಗುರುಗಳೇ, ಇವತ್ತು ನೀವು ಆರಾಮಾಗಿ ಕೂತ್ಕೊಳ್ಳಿ," ಅಂದಳು. ಹೇಳುವುದು ಸುಲಭ. ಮೊದಲ ಸಾಲಿನಲ್ಲಿ ಕೂತಿದ್ದ ಅವನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಕಾಲು ಸುಮ್ನಿಡ್ರೀ, ನೆಲ ತೂತಾಗಿಬಿಟ್ಟೀತು," ಎಂದು ಹೆಂಡತಿ ತಿವಿದಳು.

ಹಿಂದಿನಿಂದ ಷಡ್ಡಕ ನಕ್ಕ. ಅಷ್ಟರಲ್ಲಿ ಗೈಡಮ್ಮ ಮೈಕು ಹಿಡಿದು ಎದ್ದಳು. ಅವಳಿಗೂ ಈ ದಾರಿಯಲ್ಲೇ ತಲೆ ನರೆತಿತ್ತು. "ಇವತ್ತು ನಮ್ಮ ಬಸ್ಸಲ್ಲಿ ಒಬ್ಬರು ವಿಶೇಷ ಪ್ರಯಾಣಿಕರಿದ್ದಾರೆ. ಇಷ್ಟು ವರ್ಷ ಪಾಪ, ಇವರು..." ಎಂದು ಶುರು ಮಾಡಿದ್ದೇ ತಡ, ಡ್ರೈವರಿಗೆ ಎಂಥ ಕೆಮ್ಮು ಬಂತು ಅಂತೀರಿ! ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಹೆಂಡತಿ ಬೆನ್ನು ತಟ್ಟಿದಳು, ನಾದಿನಿ ನೀರಿನ ಬಾಟಲಿ ಕೊಟ್ಟಳು. ಗೈಡಮ್ಮ ಅವನ ಮುಖವನ್ನೊಮ್ಮೆ ನೋಡಿ, ಏನನ್ನಿಸಿತೋ, ಮಾತನ್ನು ಕಲ್ಲಿನ ಸೇತುವೆಯ ಕಡೆಗೆ ತಿರುಗಿಸಿದಳು.

ಸೇತುವೆ ದಾಟಿದ ಕೂಡಲೇ ಒಂದು ತಿರುವು. ಒಂದು ಪಕ್ಕ ಕೈಗವಸಿನ ಅಂಗಡಿಯ ಮೂಲೆಕಲ್ಲು, ಇನ್ನೊಂದು ಪಕ್ಕ ಕಬ್ಬಿಣದ ದೀಪದ ಕಂಬ. ಹನ್ನೆರಡು ಮೀಟರಿನ ಬಸ್ಸಿಗೆ ಆ ಕಡೆ ಗೇಣು, ಈ ಕಡೆ ಗೇಣು ಜಾಗ. ಡ್ರೈವರಮ್ಮ ಬೆಣ್ಣೆಯಲ್ಲಿ ಚಾಕು ಇಳಿಸಿದ ಹಾಗೆ ಬಸ್ಸನ್ನು ತಿರುಗಿಸಿದಳು.

"ಆ ಮೂಲೆಕಲ್ಲು ನೋಡು," ಎಂದು ಅವನು ಹೆಂಡತಿಗೆ ತೋರಿಸಿದ. ಕಲ್ಲಿನ ಮೇಲೆ ಸೊಂಟದೆತ್ತರಕ್ಕೆ ಕೆಂಪು, ಹಸಿರು, ಹಳದಿ ಬಣ್ಣದ ಗೀರುಗಳು. "ಒಂದೊಂದು ಕಂಪನಿಯ ಬಸ್ಸೂ ಇಲ್ಲಿ ಸಹಿ ಹಾಕಿ ಹೋಗಿದೆ. ನಮ್ಮ ಬಸ್ಸು ಬಿಳಿ. ಬಿಳಿ ಗೀರು ಒಂದು ಹುಡುಕು ನೋಡೋಣ!"

ನಾಲ್ಕೂ ಜನ ಕತ್ತು ಚಾಚಿ ನೋಡಿದರು. ಬಿಳಿ ಗೀರು ಇರಲಿಲ್ಲ. ಷಡ್ಡಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರೂ ಇರಲಿಲ್ಲ. ಡ್ರೈವರಿನ ಎದೆ ಎರಡಂಗುಲ ಉಬ್ಬಿತು.

ಚೌಕದ ಪಕ್ಕ ಇಳಿದ ಮೇಲೆ ಗೈಡಮ್ಮ ಎಲ್ಲರನ್ನೂ ಹಳೇ ಊರಿನೊಳಗೆ ನಡೆಸಿಕೊಂಡು ಹೊರಟಳು. ಬಸ್ಸು ಹೋಗುವ ರಸ್ತೆಗಳೆಲ್ಲ ಅವನಿಗೆ ಅಂಗೈ ರೇಖೆಯಷ್ಟು ಗೊತ್ತು, ಈ ಓಣಿಗಳಲ್ಲಿ ಮಾತ್ರ ಅವನು ಕಾಲಿಟ್ಟವನಲ್ಲ. ಆದರೆ ಕಿವಿ ಇತ್ತಲ್ಲ! ಪುಸ್ತಕಕ್ಕೆ ರಟ್ಟು ಕಟ್ಟುವವರ ಓಣಿ ಬರುವ ಮೊದಲೇ, "ಈಗ ನೋಡಿ, ಮೇಲಿನ ಮಹಡಿಗಳು ಎಷ್ಟು ಮುಂದಕ್ಕೆ ಬಾಗಿವೆ ಅಂದ್ರೆ, ಆ ಕಿಟಕಿಯವರು ಈ ಕಿಟಕಿಯವರ ಕೈ ಕುಲುಕಬಹುದು," ಅಂದ. ಓಣಿ ತಿರುಗಿದರೆ ಹಾಗೇ ಇತ್ತು. ಒಂದು ಕಿಟಕಿಯಿಂದ ಹೆಂಗಸೊಬ್ಬಳು ಎದುರು ಕಿಟಕಿಯವಳಿಗೆ ಕತ್ತರಿ ದಾಟಿಸುತ್ತಿದ್ದಳು. ಗಡಿಯಾರದ ಗೋಪುರದ ಮುಳ್ಳು ಒಂದೇ ಅಂದ, ನಿಮಿಷದ ಮುಳ್ಳಿಲ್ಲ ಅಂದ. ನೋಡಿದರೆ ಒಂದೇ. ಅಂಗೈಯಗಲ ಬಿಸಿಲು ಬೀಳುವಷ್ಟು ಪುಟ್ಟ ಅಂಗಳದಲ್ಲಿ ಕಲ್ಲಿನ ಬಾವಿ ಇದೆ ಅಂದ. ಇತ್ತು.

"ಅಬ್ಬಾ ಭಾವ, ನೀವು ಗೈಡ್ ಆಗ್ಬೇಕಿತ್ತು!" ಅಂದಳು ನಾದಿನಿ.

ಹೆಂಡತಿ ಅವನ ತೋಳು ಹಿಡಿದುಕೊಂಡು ತಲೆಯೆತ್ತಿ ನಡೆದಳು. ಅವನಿಗೂ ಧೈರ್ಯ ಬಂದಿತು. ಇದೇನು ಮಹಾ, ಒಳಗೂ ಹೀಗೇ ದಾಟಿಬಿಡುತ್ತೇನೆ ಅಂದುಕೊಂಡ.

ಓಣಿ ಮುಗಿಯಿತು, ಮತ್ತು ಕೆಥೆಡ್ರಲ್ ಎದ್ದು ನಿಂತಿತ್ತು. ನದಿ ಪಕ್ಕದಿಂದ ಅವನಿಗೆ ಕಾಣುತ್ತಿದ್ದದ್ದು ಗೋಪುರದ ತುದಿ ಮಾತ್ರ. ಹತ್ತಿರ ನಿಂತಾಗ ಕತ್ತು ಎತ್ತಿದಷ್ಟೂ ಮುಗಿಯಲಿಲ್ಲ. ಗೋಡೆಗಳು ಹೊರಗೆ ಸರಿಯದಂತೆ ಕಲ್ಲಿನ ತೋಳುಗಳು ದೂರದಿಂದ ಚಾಚಿ ಆನಿಸಿ ಹಿಡಿದಿದ್ದವು. ಮಳೆನೀರು ಉಗುಳಲು ಸೂರಿನಂಚಿಗೆಲ್ಲ ವಿಕಾರ ಮೂತಿಯ ಪ್ರಾಣಿಗಳು ಬಾಯಿ ಕಳೆದು ಕೂತಿದ್ದವು. ಇಷ್ಟು ವರ್ಷ ಇದರ ಬುಡದಲ್ಲೇ ಬಂದು ಹೋಗುತ್ತಿದ್ದೆನಲ್ಲ ಎಂದು ಮರುಗಿದ. ಇದನ್ನು ನೋಡಲು ಲಕ್ಷ ಜನರನ್ನಾದರೂ ತಂದುಬಿಟ್ಟಿದ್ದೇನೆ ಅನ್ನುವ ಹೆಮ್ಮೆಯೂ ಆಯಿತು.

ಎಡವಟ್ಟಾದದ್ದು ಆಮೇಲೆ. ಗೈಡಮ್ಮ ಯಾವಾಗಲೂ ಜನರನ್ನು ಕರೆದೊಯ್ಯುತ್ತಿದ್ದದ್ದು ಪಕ್ಕದ ಬಾಗಿಲಿನಿಂದ. ಅದಕ್ಕೆ ಇವತ್ತು ಹಲಗೆ ಹೊಡೆದು, 'ದುರಸ್ತಿ ನಡೆಯುತ್ತಿದೆ, ಮುಂಬಾಗಿಲಿನಿಂದ ಬನ್ನಿ' ಎಂದು ಬರೆದು ಹಾಕಿದ್ದರು. ಬಾಗಿಲು ಯಾವುದಾದರೇನು ಎಂದು ಡ್ರೈವರು ತಲೆ ಕೆಡಿಸಿಕೊಳ್ಳಲಿಲ್ಲ. ಒಳಗೆ ಹೋದದ್ದೇ ಗೈಡಮ್ಮ ಗುಂಪನ್ನು ಸೇರಿಸತೊಡಗಿದಳು. ಷಡ್ಡಕ ಮಾತ್ರ, "ನಮಗೆ ಗೈಡ್ ಯಾಕೆ? ನಮ್ಮ ಭಾವ ಇದ್ದಾರಲ್ಲ!" ಎಂದು ನಾಲ್ವರನ್ನೂ ಗುಂಪಿನಿಂದ ಬೇರೆ ಮಾಡಿದ.

"ಹೇಳಿ ರೀ," ಅಂದಳು ಹೆಂಡತಿ. ಅವಳ ಮುಖದಲ್ಲಿ ಪರೀಕ್ಷೆಗೆ ಓದಿಕೊಂಡು ಬಂದ ಹುಡುಗಿಯ ಖುಷಿಯಿತ್ತು.

ಅವನು ಗಂಟಲು ಸರಿಮಾಡಿಕೊಂಡ. "ಬಾಗಿಲು ದಾಟಿದ್ದೇ ನೇರ ಮುಂದೆ ನೋಡು. ಆಳೆತ್ತರದ ನಾಲ್ಕು ಪಟ್ಟು ದೊಡ್ಡ ಗುಂಡು ಕಿಟಕಿ, ನೀಲಿ ಗಾಜು."

ನೇರ ಮುಂದೆ ಗುಂಡು ಕಿಟಕಿ ಇರಲಿಲ್ಲ. ಬಹುದೂರದಲ್ಲಿ, ಸಾಲು ಕಂಬಗಳ ಕೊನೆಯಲ್ಲಿ, ಉದ್ದುದ್ದ ಕಿರಿದಾದ ಕಿಟಕಿಗಳಿದ್ದವು.

"ಎಡಕ್ಕೆ..." ಎಂದು ಅವನು ಅವಸರ ಮಾಡಿದ, "ಎಡಕ್ಕೆ ಕೆತ್ತನೆಯ ಮರದ ಆಸನಗಳು. ಹಾಡುವವರು ಕೂರೋದು."

ಎಡಕ್ಕೆ ಪೋಸ್ಟ್‌ಕಾರ್ಡು ಮಾರುವ ಕೌಂಟರು ಇತ್ತು. ಕೌಂಟರಿನ ಹುಡುಗಿ ತನ್ನನ್ನೇ ಕರೆದರೇನೋ ಎಂದು ತಲೆಯೆತ್ತಿ ನೋಡಿದಳು.

ಅವನು ಬಲಗಡೆಯ ಮೂರನೇ ಕಂಬಕ್ಕೆ ಓಡಿದ. ಅದರ ಮೇಲೆ ಕಟೆದ ಹಲ್ಲುನೋವಿನ ಮುಖ ಇರಬೇಕಿತ್ತು. ಕಂಬವನ್ನು ಒಂದು ಸುತ್ತು ಸುತ್ತಿದ, ಎರಡು ಸುತ್ತು ಸುತ್ತಿದ. ಮುಖವೂ ಇಲ್ಲ, ಹಲ್ಲೂ ಇಲ್ಲ. ಷಡ್ಡಕ ಬಾಗಿಲಲ್ಲಿ ಕೊಟ್ಟಿದ್ದ ನಕ್ಷೆಯನ್ನು ಬಿಚ್ಚಿದ, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡ.

"ಏನು ಭಾವ, ಇಪ್ಪತ್ತನಾಲ್ಕು ವರ್ಷ ಬಂದುಹೋಗಿದೀರ. ಕಿಟಕಿ ಎಲ್ಲಿದೆ ಅಂತ ನಾನು ಹೇಳ್ಲಾ?"

ನಾದಿನಿ ಗಂಡನ ಕೋಟು ಜಗ್ಗಿದಳು. ಹೆಂಡತಿ ಡ್ರೈವರನ್ನೇ ನೋಡುತ್ತಿದ್ದಳು, ಅವಳ ಮುಖದ ಖುಷಿ ಇಳಿಯುತ್ತಿತ್ತು. ಅದನ್ನು ನೋಡಲು ಅವನಿಗೆ ಆಗಲಿಲ್ಲ. ಷಡ್ಡಕ ನಗಲಿ, ಊರೇ ನಗಲಿ, ಇವಳ ಮುಂದೆ ಇನ್ನೊಂದು ಸುಳ್ಳು ಪೋಣಿಸಲಾರೆ ಅನ್ನಿಸಿತು. ಅವಳ ಕೈ ಹಿಡಿದು ಒಂದು ಕಂಬದ ಮರೆಗೆ ಕರೆದುಕೊಂಡು ಹೋದ.

"ನಾನು ಇದರೊಳಗೆ ಬಂದೇ ಇಲ್ಲ ಕಣೇ," ಅಂದ.

"ಯಾವಾಗಿಂದ?"

"ಯಾವತ್ತೂ. ಇವತ್ತೇ ಮೊದಲು."

ಅವಳು ಪಕ್ಕದ ಕುರ್ಚಿಯ ಮೇಲೆ ಕೂತುಬಿಟ್ಟಳು. ತನ್ನ ಹೊಸ ಕೋಟಿನ ಗುಂಡಿಯನ್ನು ತಿರುವಿದಳು. "ಹಾಗಾದ್ರೆ ಆ ಮೂರು ತಿಂಗಳು? ನಾನು ಮಲಗಿದ್ದಾಗ ಹೇಳಿದ್ದೆಲ್ಲ?"

"ಗೈಡಮ್ಮ ಮೈಕಲ್ಲಿ ಹೇಳಿದ್ದು. ದಾರಿಯುದ್ದಕ್ಕೂ ಹೇಳ್ತಾಳೆ. ಕೇಳಿ ಕೇಳಿ ಬಾಯಿಪಾಠ ಆಗಿತ್ತು."

"ಅಯ್ಯೋ ನಿಮ್ಮ!" ಅಂದಳು. ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. "ಲಾಂಡ್ರಿಯಲ್ಲಿ ಎಲ್ರಿಗೂ ಹೇಳ್ಕೊಂಡು ಬಂದೆನಲ್ರೀ! ಓಡಿಸಿದ್ದು ಬಸ್ಸು, ನನ್ನ ಹತ್ರ ಬಿಟ್ಟಿದ್ದು ರೈಲು!"

ಅವನು ತಲೆ ತಗ್ಗಿಸಿ ನಿಂತ.

"ಜನ ಒಳಗಿದ್ದಾಗ ನೀವೆಲ್ಲಿರ್ತಿದ್ರಿ?"

"ನದಿ ಪಕ್ಕ. ಬಸ್ಸಲ್ಲಿ."

"ಎರಡು ಗಂಟೆ? ಒಬ್ರೇ?"

"ಹ್ಞೂ. ಗಾಜು ಒರೆಸ್ತಿದ್ದೆ. ನೀನು ಕಟ್ಟಿಕೊಟ್ಟ ಬುತ್ತಿ ತಿಂತಿದ್ದೆ. ಆಮೇಲೆ ಗೈಡಮ್ಮ ಹೇಳಿದ್ದನ್ನ ನನಗೆ ನಾನೇ ಇನ್ನೊಂದ್ಸಲ ಹೇಳ್ಕೋತಿದ್ದೆ, ಮನೆಗೆ ಬರೋಷ್ಟ್ರಲ್ಲಿ ಮರೀಬಾರ್ದು ಅಂತ. ನೀನು ಕೇಳ್ತೀಯಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಮೂಗು ಒರೆಸಿಕೊಂಡು, ಇಸ್ತ್ರಿ ಮೇಜಿನ ಮುಂದೆ ಬಟ್ಟೆಯ ರಾಶಿ ನೋಡಿದವಳ ಹಾಗೆ ಸುತ್ತಲೂ ಕಣ್ಣಾಡಿಸಿದಳು.

"ಗೈಡಮ್ಮ ಯಾವ ಬಾಗಿಲಿಂದ ಹೇಳ್ತಿದ್ಲು?"

"ಪಕ್ಕದ್ದು. ಹಲಗೆ ಹೊಡೆದಿದ್ದಾರಲ್ಲ, ಅದು."

"ಅಷ್ಟೇ ತಾನೇ? ಅಂಗಿ ತಿರುಗಿಸಿ ಮಡಚಿದ ಹಾಗಾಗಿದೆ. ಏಳಿ!" ಎಂದು ತಾನೇ ಎದ್ದಳು.

ನಡುವಿನ ಹಾದಿಯಲ್ಲಿ ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು. ನಾದಿನಿಯೂ ಷಡ್ಡಕನೂ ಹಿಂದೆ ಓಡಿಬಂದರು. ಕಂಬಗಳ ಸಾಲು ಮುಗಿಯುವಲ್ಲಿ ಎಡಕ್ಕೆ ತಿರುಗಿದರೆ, ಮುಚ್ಚಿದ ಪಕ್ಕದ ಬಾಗಿಲಿನ ಒಳಮೈ ಸಿಕ್ಕಿತು. ಅಡ್ಡಕ್ಕೆ ಹಗ್ಗ ಕಟ್ಟಿತ್ತು, ಒಂದು ಏಣಿ ಒರಗಿತ್ತು. ಅವಳು ಹಗ್ಗದ ಹತ್ತಿರ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಅವನ ಎರಡೂ ಭುಜ ಹಿಡಿದು ತನ್ನ ಪಕ್ಕ ತಿರುಗಿಸಿ ನಿಲ್ಲಿಸಿಕೊಂಡಳು.

"ಈಗ ಹೇಳಿ. ಬಾಗಿಲು ದಾಟಿದ್ದೇ...?"

"ನೇರ ಮುಂದೆ," ಅಂದ ಅವನು, ಮತ್ತು ಅವನ ಧ್ವನಿ ಅಲ್ಲೇ ನಿಂತಿತು.

ನೇರ ಮುಂದೆ, ಎದುರು ಗೋಡೆಯ ಎತ್ತರದಲ್ಲಿ, ಆ ಕಿಟಕಿ ಇತ್ತು. ಗುಂಡಗೆ, ನೀಲಿಯಾಗಿ, ಮಧ್ಯಾಹ್ನದ ಬಿಸಿಲು ತುಂಬಿಕೊಂಡು. ಮೈಕಿನಲ್ಲಿ ಸಾವಿರ ಸಲ ಕೇಳಿದ್ದ. ಸಾವಿರ ಸಲ ಕೇಳಿದರೂ ಇಷ್ಟು ನೀಲಿ ಎಂದು ಗೊತ್ತಿರಲಿಲ್ಲ. ಆ ಬೆಳಕು ನೆಲದ ಮೇಲೆ ಚೂರುಚೂರಾಗಿ ಬಿದ್ದು, ಅವಳ ಹೊಸ ಕೋಟಿನ ತೋಳಿನ ಮೇಲೂ ಬಿದ್ದಿತ್ತು.

"ಹನ್ನೆರಡು ಎಸಳು," ಅಂದ. ಈಗ ಧ್ವನಿ ತಾನಾಗಿಯೇ ಬಂತು. "ಲೆಕ್ಕ ಮಾಡು. ಒಂದೊಂದು ಎಸಳಲ್ಲಿ ಒಂದೊಂದು ತಿಂಗಳ ಕೆಲಸ. ಉಳುವವನು, ಕೊಯ್ಯುವವನು, ಬೆಂಕಿ ಕಾಯಿಸುವವನು. ಎಡಗಡೆ ಕೆಳಗಿನ ಎಸಳಲ್ಲಿ ಒಬ್ಬ ಕೆಲಸ ಬಿಟ್ಟು ಮಲಗಿದ್ದಾನೆ, ಅವನ ಪಕ್ಕ ನಾಯಿಯೂ ಮಲಗಿದೆ."

"ಅಯ್ಯೋ, ಹೌದು ಕಣಕ್ಕಾ, ನಾಯಿ!" ಎಂದು ನಾದಿನಿ ಚಪ್ಪಾಳೆ ತಟ್ಟಿದಳು.

ಅಲ್ಲಿಂದ ಅವನನ್ನು ತಡೆಯುವವರು ಯಾರು? ತಲೆಯೆತ್ತಿಸಿ ಚಾವಣಿ ತೋರಿಸಿದ. ಕೊಡೆಯ ಕಡ್ಡಿಗಳು ಹರಡಿಕೊಂಡ ಜಾಗದಲ್ಲಿ, ನಟ್ಟನಡುವೆ ಕಲ್ಲಿನ ಎಲೆಗಳ ಗೊಂಚಲು. "ಕಂಡಿತು," ಅಂದಳು ಹೆಂಡತಿ ಮೆಲ್ಲಗೆ, ಹಾಸಿಗೆಯಲ್ಲಿ ಅನ್ನುತ್ತಿದ್ದ ಹಾಗೇ. ಬಲಕ್ಕೆ ತಿರುಗಿ ಮೂರು ಕಂಬ ಎಣಿಸಿದ. ಮೂರನೆಯದರ ಮೇಲೆ, ಕೈಗೆ ಎಟುಕುವಷ್ಟು ಎತ್ತರದಲ್ಲಿ, ಒಂದು ಕೆನ್ನೆ ಊದಿಕೊಂಡ ಕಲ್ಲಿನ ಮುಖ. ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು ನರಳುತ್ತಿತ್ತು. "ಜೊತೆ ಕೆಲಸದವರು ಇವನನ್ನ ಆಡಿಕೊಳ್ಳೋಕೆ ಕಟೆದದ್ದು," ಅಂದ. "ಅವನ ಹಲ್ಲು ನೋವು ಎರಡು ದಿನಕ್ಕೆ ಹೋಗಿರ್ಬೇಕು. ಇದು ಏಳು ನೂರು ವರ್ಷದಿಂದ ಹೋಗಿಲ್ಲ!"

ಹಿಂದಿನಿಂದ ಗೊಳ್ಳೆಂದು ನಗು ಬಂತು. ತಿರುಗಿ ನೋಡಿದರೆ ಹದಿನೈದಿಪ್ಪತ್ತು ಜನ ಸೇರಿಕೊಂಡಿದ್ದರು. ಯಾರೋ ಊರುಗೋಲಿನ ಅಜ್ಜಿ, ಯಾರೋ ಹೊಸ ಜೋಡಿ, ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪ. ಗುಂಪಿನ ಅಂಚಿನಲ್ಲಿ ಗೈಡಮ್ಮ ಕೈಕಟ್ಟಿ ನಿಂತಿದ್ದಳು, ಅವಳ ಗುಂಪು ಅವಳನ್ನು ಬಿಟ್ಟು ಇವನ ಬಾಯಿ ನೋಡುತ್ತಿತ್ತು. ಡ್ರೈವರಿಗೆ ನಾಚಿಕೆಯಾಯಿತು. ಆದರೆ ಗೈಡಮ್ಮ, ನಡೆಸಿ ನಡೆಸಿ, ಎಂದು ತಲೆಯಾಡಿಸಿದಳು.

ಆಗ ಉದ್ದ ಕಪ್ಪು ಕೋಟಿನ ಮೇಲ್ವಿಚಾರಕ ಬೀಗದ ಕೈಗೊಂಚಲು ಅಲ್ಲಾಡಿಸುತ್ತಾ ಬಂದ. ಈ ಕಟ್ಟಡದಲ್ಲಿ ಗುಂಪು ಕಟ್ಟಿ ಹೇಳಬೇಕಾದರೆ ಗೈಡಿನ ಬಿಲ್ಲೆ ಇರಬೇಕು. ಡ್ರೈವರಿನ ಎದೆಯ ಮೇಲೆ ಬಿಲ್ಲೆ ಇರಲಿಲ್ಲ.

"ಸ್ವಾಮಿ, ನೀವು ಯಾವ ಕಂಪನಿ ಗೈಡು? ನಿಮ್ಮನ್ನ ನಾನು ನೋಡೇ ಇಲ್ಲವಲ್ಲ? ಎಷ್ಟು ವರ್ಷದಿಂದ ಬರ್ತಿದೀರ ಇಲ್ಲಿಗೆ?"

ಷಡ್ಡಕನ ಕನ್ನಡಕ ಇವನ ಕಡೆ ತಿರುಗಿತು. ಡ್ರೈವರಿಗೆ ಇಪ್ಪತ್ತನಾಲ್ಕು ಅನ್ನಬೇಕೋ, ಇವತ್ತೇ ಅನ್ನಬೇಕೋ, ಎರಡೂ ನಿಜ, ಎರಡೂ ಬಾಯಿಗೆ ಬರಲಿಲ್ಲ.

ಅವನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಲಾಂಡ್ರಿಯ ಯಂತ್ರಗಳ ಗದ್ದಲದ ಮೇಲೆ ಮಾತಾಡಿ ರೂಢಿಯಾದ ಗಂಟಲು ಅವಳದು.

"ಇವರು ಗೈಡಲ್ಲ, ಬಸ್ ಡ್ರೈವರ್," ಅಂದಳು. ಕಲ್ಲಿನ ಚಾವಣಿಯ ತನಕ ಕೇಳಿಸಿತು. "ಇಪ್ಪತ್ತನಾಲ್ಕು ವರ್ಷ ಊರಿನವರನ್ನೆಲ್ಲ ಇದರ ಬಾಗಿಲಿಗೆ ತಂದುಬಿಟ್ಟು, ಅವರ ಚೀಲ ಕಾಯ್ತಾ ಹೊರಗೆ ಕೂತಿದ್ರು. ಒಳಗೆ ಕಾಲಿಟ್ಟಿದ್ದು ಇವತ್ತೇ ಮೊದಲು. ನೋಡದೇ ಇಷ್ಟು ಹೇಳ್ತಾರೆ, ನೀವು ದಿನಾ ಇಲ್ಲೇ ಇರೋರು, ಆ ಮಲಗಿದ ನಾಯಿ ನೋಡಿದೀರಾ?"

ಮೇಲ್ವಿಚಾರಕ ಕಿಟಕಿಯ ಕಡೆ ತಿರುಗಿ, ಕತ್ತೆತ್ತಿ, ಕಣ್ಣು ಕಿರಿದು ಮಾಡಿ ನೋಡಿದ. ಷಡ್ಡಕ ಹತ್ತಿರ ಹೋಗಿ ಕೈಯೆತ್ತಿ ಆ ಎಸಳನ್ನು ತೋರಿಸಿಕೊಟ್ಟ, "ಎಡಗಡೆ, ಕೆಳಗೆ. ನಮ್ಮ ಭಾವ ಹೇಳಿದ್ದು," ಅಂದ.

"ಅರೆ, ಹೌದಲ್ಲ!" ಅಂದ ಮೇಲ್ವಿಚಾರಕ. ಬೀಗದ ಕೈಗೊಂಚಲನ್ನು ಕೋಟಿನ ಜೇಬಿಗೆ ಇಳಿಸಿ, ಊರುಗೋಲಿನ ಅಜ್ಜಿಯ ಪಕ್ಕ ಜಾಗ ಮಾಡಿಕೊಂಡು ನಿಂತ. "ಸರಿ, ಮುಂದೆ ಹೇಳಿ."

ಡ್ರೈವರು ಹೆಂಡತಿಯ ಮುಖ ನೋಡಿದ. ಅವಳು ಎಲ್ಲರಿಗೂ ಕಾಣುವ ಹಾಗೆ ಅವನ ತೋಳು ಹಿಡಿದುಕೊಂಡು ನಿಂತಿದ್ದಳು.

"ಎಡಕ್ಕೆ ಬನ್ನಿ," ಅಂದ ಅವನು. "ಮೆಟ್ಟಿಲಿದೆ, ಹುಷಾರು."